‘ಅಬೇಕು’ ಎಂದು ಬರೆದ ಮಗುವಿಗೆ

ಓದುಗರ ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾಳೆ. ವಿರುದ್ಧ ಪದ ಕಲಿಸುವಾಗ ‘ಮುಂದೆ ಅ ಸೇರಿಸಿದರೆ ಉಲ್ಟಾ ಅರ್ಥ ಬರುತ್ತದೆ’ ಎಂದು ಹೇಳಿಕೊಟ್ಟಿದ್ದಾರಂತೆ: ನ್ಯಾಯ–ಅನ್ಯಾಯ, ಧರ್ಮ–ಅಧರ್ಮ. ಪರೀಕ್ಷೆಯಲ್ಲಿ ‘ಬೇಕು’ ಎಂಬುದಕ್ಕೆ ‘ಅಬೇಕು’ ಎಂದು ಬರೆದಳು, ತಪ್ಪು ಬಿತ್ತು. ಅಂದಿನಿಂದ ಮನೆಯಲ್ಲಿ ಇದೇ ಮಾತು. ‘ಅರಸ ಅಂದ್ರೆ ರಸ ಇಲ್ಲದವನಾ? ಅಕ್ಕ ಅಂದ್ರೆ ಏನು ಇಲ್ಲ? ಅವನು, ಅಲ್ಲಿ ಇದರಲ್ಲಿರೋ ಅ ಯಾವುದು?’ ನನಗೆ ಉತ್ತರ ತೋಚಲಿಲ್ಲ. ಒಂದೇ ಅಕ್ಷರಕ್ಕೆ ಎಷ್ಟು ಅರ್ಥ ಸರ್?

ಉತ್ತರ: ಮೊದಲು ಮಗುವಿಗೆ ಒಂದು ಮಾತು ತಲುಪಿಸಿ. ‘ಅಬೇಕು’ ಅಂಕದ ಲೆಕ್ಕಕ್ಕೆ ತಪ್ಪಿರಬಹುದು, ಯೋಚನೆಯ ಲೆಕ್ಕಕ್ಕೆ ತಪ್ಪಲ್ಲ. ಹೇಳಿಕೊಟ್ಟ ಸೂತ್ರವನ್ನು ಅವಳು ಹೇಳಿಕೊಡದ ಪದಕ್ಕೆ ಹಚ್ಚಿ ನೋಡಿದಳು. ಸೂತ್ರ ಎಲ್ಲಿ ಮುರಿಯಿತೋ ಅಲ್ಲೇ ನಿಂತು ಯಾಕೆ ಎಂದು ಕೇಳಿದಳು. ವ್ಯಾಕರಣ ಹುಟ್ಟುವುದು ಹೀಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಪದವಿ ತರಗತಿಯಲ್ಲೂ ಇಂಥ ಪ್ರಶ್ನೆ ನನಗೆ ಬಂದದ್ದು ಅಪರೂಪ.

ಅ ಎಂಬ ಅಕ್ಷರಕ್ಕೆ ತನ್ನದೇ ಆದ ಅರ್ಥ ಒಂದೂ ಇಲ್ಲ. ಅದು ಬರಿಯ ದನಿ. ಆದರೆ ಆ ದನಿಯಲ್ಲಿ ಹಲವು ಬೇರೆಬೇರೆ ಪದತುಣುಕುಗಳು ಬದುಕುತ್ತಿವೆ. ಒಂದೇ ಬೀದಿಯಲ್ಲಿ ಮಂಜುನಾಥ ಎಂಬ ಹೆಸರಿನವರು ನಾಲ್ಕು ಜನ ಇದ್ದರೆ ಅವರು ಒಬ್ಬರಿಗೊಬ್ಬರು ನೆಂಟರಾಗಬೇಕಿಲ್ಲ. ‘ಯಾವ ಮಂಜುನಾಥ, ಯಾರ ಮನೆಯವನು’ ಎಂದು ಕೇಳಿ ತಿಳಿಯಬೇಕು. ಅ ಕಂಡಾಗಲೂ ಕೇಳಬೇಕಾದದ್ದು ಅಷ್ಟೇ: ಇದು ಪದದ ತಲೆಯಲ್ಲಿದೆಯೋ ಬಾಲದಲ್ಲಿದೆಯೋ, ಪಕ್ಕದಲ್ಲಿರುವ ಪದ ಯಾವ ಮನೆಯದು?

ನಿಮ್ಮ ಮನೆಯಲ್ಲೇ ಬರಬಹುದಾದ ಒಂದು ವಾಕ್ಯ ತೆಗೆದುಕೊಳ್ಳಿ: ‘ನಿನ್ನೆ ಬಂದ ಮಾವನ ಅಸಮಾಧಾನ ಅವರಿಗೇ ಗೊತ್ತು.’ ಇಲ್ಲಿ ನಾಲ್ಕು ಅ ಇವೆ, ನಾಲ್ಕೂ ಬೇರೆ. ‘ಬಂದ’ದ ಕೊನೆಯ ಅ ಬರುವ ಕೆಲಸವನ್ನು ಮಾವನಿಗೆ ಕಟ್ಟುತ್ತದೆ. ‘ಮಾವನ’ದ ಕೊನೆಯ ಅ ಅಸಮಾಧಾನ ಯಾರದು ಎಂದು ಹೇಳುತ್ತದೆ. ‘ಅಸಮಾಧಾನ’ದ ಮೊದಲ ಅ ಸಮಾಧಾನ ಇಲ್ಲ ಎನ್ನುತ್ತದೆ. ‘ಅವರಿಗೇ’ಯ ಅ ದೂರಕ್ಕೆ ಬೆರಳು ತೋರಿಸುತ್ತದೆ. ನಿಮ್ಮ ಮಗಳಿಗೆ ಶಾಲೆಯಲ್ಲಿ ಪರಿಚಯವಾದದ್ದು ಈ ನಾಲ್ವರಲ್ಲಿ ಒಬ್ಬನದು ಮಾತ್ರ. ಅವನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅವನ ಕಥೆಯೇ ದೊಡ್ಡದು.

‘ಅಲ್ಲ, ಇಲ್ಲ’ ಎನ್ನುವ ಈ ಅ ಸಂಸ್ಕೃತದ್ದು. ಅಲ್ಲಿಗೂ ಅದು ಇನ್ನೂ ಹಿಂದಿನಿಂದ ಬಂದದ್ದು. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಈ ಭಾಷೆಗಳ ಮೂಲಭಾಷೆಯಲ್ಲಿ ಸ್ವರದಂತೆ ಉಲಿಯುತ್ತಿದ್ದ ಒಂದು ‘ನ್’ ಇತ್ತು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದೇ ಸಂಸ್ಕೃತದಲ್ಲಿ ಅ, ಗ್ರೀಕಿನಲ್ಲೂ ಅ, ಲ್ಯಾಟಿನ್ನಿನಲ್ಲಿ ಇನ್, ಇಂಗ್ಲಿಷಿನಲ್ಲಿ ಅನ್ ಆಯಿತು. ‘ಅನ್‌ಹ್ಯಾಪಿ’, ‘ಇನ್‌ವ್ಯಾಲಿಡ್’ ನಿಮ್ಮ ಮಗಳಿಗೆ ಗೊತ್ತಿರುವ ಪದಗಳೇ. ‘ಅನ್ಯಾಯ’ದ ಅ ಇವುಗಳ ಒಡಹುಟ್ಟು ಎಂದು ಹೇಳಿ ನೋಡಿ, ಕಣ್ಣರಳಿಸುತ್ತಾಳೆ. ರಕ್ತಪರೀಕ್ಷೆಯ ವರದಿಯಲ್ಲಿ ಬರುವ ‘ಅನೀಮಿಯಾ’ ಕೂಡ ಹಾಗೆಯೇ: ಗ್ರೀಕಿನಲ್ಲಿ ‘ರಕ್ತವಿಲ್ಲ’. ‘ಆಟಮ್’ ಎಂದರೆ ಕತ್ತರಿಸಲಾಗದ್ದು. ನಮ್ಮ ‘ಅಮೃತ’ ಸಾವಿಲ್ಲದ್ದು.

ಮುಂದೆ ಸ್ವರ ಬಂದರೆ ಈ ಅ ತನ್ನ ಹಳೆಯ ನ್ ಅನ್ನು ಮತ್ತೆ ತೋರಿಸುತ್ತದೆ. ಅರ್ಹ–ಅನರ್ಹ, ಉಚಿತ–ಅನುಚಿತ, ಅಂತ–ಅನಂತ, ಆದಿ–ಅನಾದಿ. ರಸ್ತೆ ಅಗೆದ ಕಡೆಯಲ್ಲೆಲ್ಲ ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬ ಫಲಕ ನೋಡಿರುತ್ತೀರಿ. ವ್ಯಾಕರಣದ ಲೆಕ್ಕಕ್ಕೆ ಅದು ‘ಅನನುಕೂಲ’ ಆಗಬೇಕು: ಅನ್ ಮತ್ತು ಅನುಕೂಲ ಕೂಡಿದರೆ ನಡುವೆ ದೀರ್ಘ ಬರಲು ಕಾರಣವೇ ಇಲ್ಲ. ಆದರೂ ಬಳಕೆಯಲ್ಲಿ ‘ಅನಾನುಕೂಲ’ ಗೆದ್ದುಬಿಟ್ಟಿದೆ. ನಾನು ಬರೆಯುವಾಗ ‘ಅನನುಕೂಲ’ ಎಂದೇ ಬರೆಯುತ್ತೇನೆ. ಬೇರೆಯವರ ಬರಹದಲ್ಲಿ ಇನ್ನೊಂದನ್ನು ತಿದ್ದಲು ಹೋಗುವುದಿಲ್ಲ.

ಇಲ್ಲಿ ಮಗು ಎಡವಬಹುದಾದ ಜಾಗಗಳಿವೆ. ‘ಅನಾಥ’ದಲ್ಲಿ ಇರುವುದು ಅನ್ ಅಲ್ಲ, ಅ ಮಾತ್ರ, ನಾಥನಿಲ್ಲದವನು. ‘ಅನಾಮಿಕ’ವೂ ಅಷ್ಟೇ, ನಾಮವಿಲ್ಲದ್ದು. ನಾವು ಉಂಗುರ ಬೆರಳು ಎಂದು ಕರೆಯುವುದಕ್ಕೆ ಸಂಸ್ಕೃತದಲ್ಲಿ ‘ಅನಾಮಿಕಾ’ ಎಂದೇ ಹೆಸರು, ಹೆಸರಿಲ್ಲದ ಬೆರಳು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮೇಲೆ ತಲೆಬುರುಡೆಯ ಜೊತೆ ಬರೆದಿರುವ ‘ಅಪಾಯ’ದಲ್ಲಿ ಈ ಅ ಇಲ್ಲವೇ ಇಲ್ಲ. ಅದು ‘ಅಪ’ ಎಂಬ ಉಪಸರ್ಗ, ಅದರ ಎದುರಿಗೆ ನಿಲ್ಲುವುದು ‘ಉಪ’ದಿಂದಾದ ‘ಉಪಾಯ’. ‘ಅಪಘಾತ ವಲಯ’ದಲ್ಲಿರುವುದೂ ಅಪ. ‘ಅನುಮತಿ’ಯಲ್ಲಿರುವುದು ಅನು, ‘ಅಭಿಮಾನ’ದಲ್ಲಿ ಅಭಿ, ‘ಅಧಿಕಾರಿ’ಯಲ್ಲಿ ಅಧಿ. ಶಾಲೆಗೆ ಹೋಗುವ ದಾರಿಯ ಫಲಕಗಳನ್ನು ಓದುತ್ತ ಇವನ್ನು ಬೇರೆಮಾಡುವ ಆಟ ಆಡಿಸಿ. ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು ಸಾಕು.

ಈಗ ನನ್ನ ಮೆಚ್ಚಿನ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ನಿರಾಕರಣೆಗೆ ಎರಡು ಪದಗಳಿವೆ, ಅಲ್ಲ ಮತ್ತು ಇಲ್ಲ. ‘ಇದು ಹಾಲಲ್ಲ’ ಎಂದರೆ ಲೋಟದಲ್ಲಿರುವುದು ಬೇರೇನೋ. ‘ಹಾಲಿಲ್ಲ’ ಎಂದರೆ ಲೋಟವೇ ಖಾಲಿ. ಬೆಂಗಳೂರಿಗೆ ಬಂದು ಹೊಸದಾಗಿ ಕನ್ನಡ ಕಲಿಯುವ ಹಿಂದಿಯವರು ಹೆಚ್ಚು ಒದ್ದಾಡುವುದು ಇಲ್ಲಿ. ‘ಇದು ಬಾಡಿಗೆ ಮನೆ ಅಲ್ಲ’ ಮತ್ತು ‘ಬಾಡಿಗೆಗೆ ಮನೆ ಇಲ್ಲ’ ಎರಡೂ ಅವರ ಭಾಷೆಯಲ್ಲಿ ಒಂದೇ ನಕಾರದಿಂದ ನಡೆದುಹೋಗುತ್ತವೆ. ಸಂಸ್ಕೃತದ ಅ ಈ ಎರಡೂ ಕೆಲಸವನ್ನು ಒಬ್ಬನೇ ಮಾಡುತ್ತದೆ. ‘ಅಸತ್ಯ’ ಎಂದರೆ ಸತ್ಯವಲ್ಲದ್ದು. ‘ಅಭಯ’ ಎಂದರೆ ಭಯವಿಲ್ಲದ್ದು. ‘ಅಮಾನುಷ’ ಮನುಷ್ಯರದಲ್ಲದ್ದು, ‘ಅಪಾರ’ ಪಾರವೇ ಇಲ್ಲದ್ದು, ಆಚೆ ದಡ ಕಾಣದ್ದು. ಅಂದರೆ ಸಂಸ್ಕೃತದ ಪ್ರತಿಯೊಂದು ಅ ಕಂಡಾಗಲೂ ಕನ್ನಡದ ಮಗು ‘ಇದು ಅಲ್ಲವೋ, ಇಲ್ಲವೋ’ ಎಂದು ಕೇಳಿಕೊಳ್ಳಬಹುದು. ಸಂಸ್ಕೃತ ವ್ಯಾಕರಣ ಇದನ್ನು ತತ್ಪುರುಷ, ಬಹುವ್ರೀಹಿ ಎಂದು ಸಮಾಸಗಳ ಹೆಸರಿಟ್ಟು ಬಿಡಿಸುತ್ತದೆ. ನಮಗೆ ಅಡುಗೆಮನೆಯ ಎರಡು ಪದಗಳೇ ಸಾಕಾಗುತ್ತವೆ. ಬೆಂಗಳೂರಿನವರಿಗೆಲ್ಲ ಕಿವಿಗೆ ಬಿದ್ದಿರುವ ‘ಅಕ್ರಮ–ಸಕ್ರಮ’ ಎಂಬ ಜೋಡಿಯನ್ನೇ ನೋಡಿ. ಸ ಎಂದರೆ ‘ಕೂಡಿರುವ’, ಹಾಗಾಗಿ ಅದರ ಎದುರಿನ ಅ ‘ಇಲ್ಲದ’. ಕ್ರಮ ಇಲ್ಲದ ಕಟ್ಟಡ, ಕ್ರಮ ಉಳ್ಳ ಕಟ್ಟಡ.

ಹಳೆಯ ವೈಯಾಕರಣರು ಇನ್ನೂ ಸೂಕ್ಷ್ಮವಾಗಿ ಹೋಗಿ ಈ ಅ ಗೆ ಆರು ಅರ್ಥ ಎಣಿಸಿದ್ದಾರೆ: ಹೋಲಿಕೆ, ಅಭಾವ, ಬೇರೆತನ, ಅಲ್ಪತೆ, ಕೀಳುತನ, ವಿರೋಧ. ಎಲ್ಲದಕ್ಕೂ ಉದಾಹರಣೆ ಕೊಡುತ್ತ ಹೋಗುವುದಿಲ್ಲ. ಅಲ್ಪತೆಗೆ ಅವರು ಕೊಡುವುದು ಮಾತ್ರ ಸೊಗಸಾಗಿದೆ: ‘ಅನುದರಾ ಕನ್ಯಾ’. ಅಕ್ಷರಶಃ ‘ಹೊಟ್ಟೆಯಿಲ್ಲದ ಹುಡುಗಿ’, ಅರ್ಥ ತೆಳುನಡುವಿನವಳು. ಇಲ್ಲಿ ಅ ‘ಇಲ್ಲ’ ಎನ್ನುತ್ತಿಲ್ಲ, ‘ಸ್ವಲ್ಪವೇ ಇದೆ’ ಎನ್ನುತ್ತಿದೆ. ವಿರೋಧಕ್ಕೆ ‘ಅಧರ್ಮ’: ಧರ್ಮ ಇಲ್ಲದ ಖಾಲಿ ಜಾಗವಲ್ಲ ಅದು, ಧರ್ಮಕ್ಕೆ ಎದುರು ನಿಂತದ್ದು. ಸಂಸ್ಕೃತದ ‘ಅನುತ್ತಮ’ವನ್ನು ಉತ್ತಮವಲ್ಲದ್ದು ಎಂದು ಓದಿದರೆ ಮೋಸಹೋದಂತೆ. ಅದಕ್ಕಿಂತ ಉತ್ತಮ ಇನ್ನೊಂದಿಲ್ಲ ಎಂದು ಅದರ ಅರ್ಥ. ‘ಅಮೂಲ್ಯ’ವೂ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಇದೇ ಅ ಮನುಷ್ಯರ ಮೇಲೆ ಹೊರಿಸಿದ ಭಾರವೂ ಆಗಿದೆ. ‘ಅಸ್ಪೃಶ್ಯ’ ಎಂಬ ಪದದಲ್ಲಿ ಮುಟ್ಟಬಾರದ ಗುಣ ಯಾವ ಮನುಷ್ಯನಲ್ಲೂ ಇರಲಿಲ್ಲ. ಹೊರಗಿನವರು ತಂದು ಅಂಟಿಸಿದ ಅಕ್ಷರ ಅದು. ಸಂವಿಧಾನದ 17ನೇ ವಿಧಿ ಆ ಆಚರಣೆಯನ್ನು ರದ್ದುಮಾಡಿದೆ. ಮಗಳು ಮುಂದೊಂದು ದಿನ ಪಾಠದಲ್ಲಿ ಈ ಪದ ಕಂಡಾಗ ಬಾಯಿಪಾಠ ಮಾಡಿಸಿ ಮುಂದೆ ಹೋಗಬೇಡಿ, ಕೂತು ಬಿಡಿಸಿ ಹೇಳಿ.

ಇನ್ನು ತಪ್ಪಾಗಿ ಬಿಡಿಸಿದ್ದೇ ಹೊಸ ಪದಕ್ಕೆ ದಾರಿಯಾದದ್ದೂ ಉಂಟು. ‘ಅಸುರ’ ಎಂದರೆ ಸುರನಲ್ಲದವನು ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಋಗ್ವೇದದ ಹಳೆಯ ಭಾಗಗಳಲ್ಲಿ ವರುಣನಂಥ ದೇವರಿಗೇ ಅಸುರ ಎಂಬುದು ಗೌರವದ ಹೆಸರು. ಇರಾನಿನ ಕಡೆ ‘ಅಹುರ’ ಎಂಬುದು ಪರಮದೈವದ ಹೆಸರಿನಲ್ಲೇ ಉಳಿದಿದೆ. ಅದನ್ನು ಅಸು, ಅಂದರೆ ಪ್ರಾಣ ಎಂಬ ಪದಕ್ಕೆ ಜೋಡಿಸುವುದುಂಟು. ಕಾಲ ಕಳೆದಂತೆ ಪದದ ಅರ್ಥ ಕೆಟ್ಟಿತು. ಮೊದಲ ಅ ನಿರಾಕರಣೆಯದು ಎಂದು ಜನ ತಿಳಿದರು, ಅದನ್ನು ಕಳಚಿ ‘ಸುರ’ ಎಂಬ ಹೊಸ ಪದ ಮಾಡಿಕೊಂಡರು. ನಿಮ್ಮ ಮಗಳು ‘ಅರಸ’ದಿಂದ ‘ರಸ’ ಕಳಚಿದಳಲ್ಲ, ಅದೇ ಕೆಲಸ. ‘ಅಮಾವಾಸ್ಯೆ’ಯಲ್ಲೂ ಜನ ಈ ಅ ಹುಡುಕುತ್ತಾರೆ, ಚಂದ್ರನಿಲ್ಲದ ದಿನವಲ್ಲವೇ ಎಂದು. ಅಲ್ಲಿರುವುದು ‘ಅಮಾ’, ‘ಜೊತೆಗೆ’ ಎಂಬ ಅರ್ಥದ ಪದ. ಸೂರ್ಯಚಂದ್ರರು ಒಟ್ಟಿಗೆ ವಾಸಿಸುವ ದಿನ ಅದು.

ಅರಸನ ವಿಷಯ ಇಲ್ಲೇ ಮುಗಿಸುತ್ತೇನೆ. ಅ ತೆಗೆದ ಮೇಲೆ ಉಳಿಯುವುದು ಪದವಾಗಿದ್ದರಷ್ಟೇ ಸಾಲದು, ಅದರ ಅರ್ಥ ಮೂಲಪದಕ್ಕೆ ಹೊಂದಬೇಕು. ರಾಜನಿಗೂ ರಸಕ್ಕೂ ಹೊಂದಿಕೆಯಿಲ್ಲ. ರಸವಿಲ್ಲದ್ದು ಎನ್ನಲು ‘ನೀರಸ’ ಎಂಬ ಬೇರೆ ಪದವೇ ಇದೆ. ಆದರೆ ‘ಅರಸ’ದ ಪಕ್ಕದಲ್ಲೇ ‘ಅರಸಿಕ’ ಇಟ್ಟು ನೋಡಿ. ಅಲ್ಲಿ ಅ ನಿಜವಾಗಿ ನಿರಾಕರಣೆಯದು: ರಸಿಕನಲ್ಲದವನು. ನಡುವೆ ‘ಅರಸಿ’ ಬೇರೆ ಇದ್ದಾಳೆ, ರಾಣಿಯಾಗಿ. ಅರಸ, ಅರಸಿ, ಅರಸಿಕ ಮೂರನ್ನೂ ಒಂದೇ ಸಾಲಿನಲ್ಲಿ ಬರೆದುಕೊಟ್ಟು, ಅ ಯಾವುದರಲ್ಲಿ ‘ಅಲ್ಲ’ ಎನ್ನುತ್ತದೆ ಎಂದು ಮಗುವನ್ನು ಕೇಳಿ.

ಹಾಗಾದರೆ ‘ಅಬೇಕು’ ಯಾಕಾಗದು? ಬೇಕು ಅಚ್ಚಗನ್ನಡ. ಈ ಅ ಸಂಸ್ಕೃತದ ಪದಗಳಿಗೆ ಅಂಟುತ್ತದೆ, ಅಚ್ಚಗನ್ನಡದ ಪದಕ್ಕೆ ಅಂಟುವುದಿಲ್ಲ. ಅಮನೆ, ಅಊಟ, ಅಹೋಗು ಎಂದು ಯಾರೂ ಹೇಳುವುದಿಲ್ಲ. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಎಂಬ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸಿ ಮಾಡಿದ ಸಮಾಸಕ್ಕೆ ‘ಅರಿಸಮಾಸ’ ಎನ್ನುತ್ತಾನೆ. ಅರಿ ಎಂದರೆ ಹಗೆ. ಅವನು ಹೇಳಿದ್ದು ಸಮಾಸದ ಬಗ್ಗೆ, ಆದರೆ ಯಾವುದು ಯಾವುದಕ್ಕೆ ಕೂಡುತ್ತದೆ ಎಂಬ ಕಿವಿ ಕನ್ನಡಿಗರಿಗೆ ಅಂದಿನಿಂದಲೂ ಇದೆ. ಮಗುವಿನ ಕಿವಿಗೂ ‘ಅಮನೆ’ ವಿಚಿತ್ರವಾಗಿಯೇ ಕೇಳುತ್ತದೆ, ಕೇಳಿ ನೋಡಿ.

ಕನ್ನಡ ನಿರಾಕರಿಸುವ ಬಗೆಯೇ ಬೇರೆ. ಸಂಸ್ಕೃತದ ‘ಇಲ್ಲ’ ಪದದ ತಲೆಯಲ್ಲಿ ಕೂರುತ್ತದೆ, ಕನ್ನಡದ ‘ಇಲ್ಲ’ ಬಾಲದಲ್ಲಿ. ಬರಲಿಲ್ಲ, ಬರಬಾರದು, ಬರಕೂಡದು, ಬರಲೊಲ್ಲ. ‘ಬೇಕು’ಗೆ ‘ಬೇಡ’ ಎಂಬ ಬೇರೆ ರೂಪವೇ ಇದೆ. ತಮಿಳಿನವರು ‘ವೇಂಡಾ’ ಎನ್ನುವುದು ಇದರ ನೆಂಟ. ಇನ್ನೂ ಒಂದು ಹಳೆಯ ಬಗೆ ಇದೆ, ನನಗೆ ಕನ್ನಡದಲ್ಲಿ ಬಹಳ ಪ್ರಿಯವಾದದ್ದು. ಜಿಪುಣನ ಬಗ್ಗೆ ‘ತಾನೂ ತಿನ್ನ, ಪರರಿಗೂ ಕೊಡ’ ಎನ್ನುತ್ತೇವೆ. ‘ತಿನ್ನ’ ಎಂದರೆ ತಿನ್ನುವುದಿಲ್ಲ. ಆದರೆ ಆ ಪದದಲ್ಲಿ ‘ಇಲ್ಲ’ ಎನ್ನುವ ತುಣುಕು ಎಲ್ಲಿದೆ? ಹುಡುಕಿದರೂ ಸಿಗದು. ‘ತಿಂದ’ದಲ್ಲಿ ಕಾಲ ಹೇಳುವ ದ ಇದೆ, ‘ತಿನ್ನುತ್ತಾನೆ’ಯ ನಡುವೆ ಉತ್ತ ಇದೆ. ‘ತಿನ್ನ’ದಲ್ಲಿ ತಿನ್ನು ಎಂಬ ಧಾತು, ಅದರ ಬೆನ್ನಿಗೇ ‘ಅವನು’ ಎಂದು ಸೂಚಿಸುವ ಅ. ನಡುವೆ ಕಾಲದ ಗುರುತೇ ಇಲ್ಲ. ಯಾವ ಕಾಲದಲ್ಲೂ ನಡೆಯದ ಕೆಲಸಕ್ಕೆ ಕಾಲದ ಗುರುತು ಬೇಡ ಎಂದು ಭಾಷೆ ಆ ಜಾಗವನ್ನು ಖಾಲಿ ಬಿಟ್ಟಿದೆ. ಹಳಗನ್ನಡದಲ್ಲಿ ಇದು ದಿನಬಳಕೆಯ ರೂಪ. ಈಗ ‘ಅರಿಯೆ’, ‘ಒಲ್ಲೆ’, ‘ಮಾಡದ’, ‘ಬಾರದ’ ಎಂಬಂಥ ಪದಗಳಲ್ಲೂ ಗಾದೆಗಳಲ್ಲೂ ಉಳಿದಿದೆ. ‘ತಿನ್ನ’ದ ಅ ಗೆ ‘ಇಲ್ಲ’ ಎಂಬ ಅರ್ಥ ಬಂದದ್ದು ಅದರ ಹಿಂದಿನ ಆ ಖಾಲಿ ಜಾಗದಿಂದ.

‘ಅವನು, ಅಲ್ಲಿ’ಯ ಅ ಪೂರ್ತಿ ನಮ್ಮದು, ದ್ರಾವಿಡ ಭಾಷೆಗಳದ್ದು. ಅದು ದೂರ ತೋರಿಸುತ್ತದೆ, ಇ ಹತ್ತಿರ ತೋರಿಸುತ್ತದೆ, ಎ ಪ್ರಶ್ನೆ ಕೇಳುತ್ತದೆ. ಅಲ್ಲಿ ಇಲ್ಲಿ ಎಲ್ಲಿ, ಅಷ್ಟು ಇಷ್ಟು ಎಷ್ಟು, ಅಂದು ಇಂದು ಎಂದು, ಅಂಥ ಇಂಥ ಎಂಥ, ಅತ್ತ ಇತ್ತ ಎತ್ತ. ಒಂದು ಅಕ್ಷರ ಬದಲಿಸಿದರೆ ಇಡೀ ಪದ ಬೇರೆ ದಿಕ್ಕಿಗೆ ತಿರುಗುತ್ತದೆ. ಇಷ್ಟು ಅಚ್ಚುಕಟ್ಟು ಮಕ್ಕಳಿಗೆ ಬೇಗ ಹಿಡಿಸುತ್ತದೆ. ಹಳಗನ್ನಡದಲ್ಲಿ ‘ಅದು’ ‘ಇದು’ಗಳ ನಡುವೆ ‘ಉದು’ ಎಂಬುದೂ ಇತ್ತು, ತೀರ ದೂರವೂ ಅಲ್ಲದ ತೀರ ಹತ್ತಿರವೂ ಅಲ್ಲದ ವಸ್ತುವಿಗೆ. ಶ್ರೀಲಂಕಾದ ತಮಿಳಿನಲ್ಲಿ ಆ ಉ ಇನ್ನೂ ಇದೆ, ನಾವು ಕಳೆದುಕೊಂಡೆವು. ಅ ಮಾತ್ರ ಅಲುಗಿಲ್ಲ. ಕ್ರಿ.ಶ. ಸುಮಾರು 450ರದು ಎಂದು ಗುರುತಿಸುವ ಹಲ್ಮಿಡಿ ಶಾಸನದಲ್ಲಿ ‘ಅದಾನ್ ಅೞಿವೋನ್ಗೆ ಮಹಾಪಾತಕಮ್’ ಎಂಬ ಮಾತಿದೆ, ಅದನ್ನು ಅಳಿಸಿದವನಿಗೆ ಮಹಾಪಾತಕ ಎಂದು. ಅಲ್ಲಿ ಅ ದಿಂದ ಶುರುವಾಗುವ ಎರಡು ಪದಗಳಿವೆ. ‘ಅದಾನ್’ದ ಅ ಬೆರಳು ತೋರಿಸುತ್ತಿದೆ. ‘ಅೞಿ’ಯ ಅ ಏನನ್ನೂ ಹೇಳುತ್ತಿಲ್ಲ, ಧಾತುವಿನ ಒಂದು ದನಿ ಅಷ್ಟೇ. ಸಾವಿರದ ಐನೂರು ವರ್ಷ ಹಿಂದಿನ ಕಲ್ಲಿನಲ್ಲೂ ನಿಮ್ಮ ಮಗಳ ಪ್ರಶ್ನೆ ಹಾಗೇ ಕೂತಿದೆ.

ಸಂಸ್ಕೃತದಲ್ಲೂ ತೋರಿಸುವ ಅ ಒಂದಿದೆ, ಆದರೆ ಅದು ಹತ್ತಿರಕ್ಕೆ ತೋರಿಸುತ್ತದೆ. ‘ಅತ್ರ’ ಎಂದರೆ ಇಲ್ಲಿ, ‘ಅದ್ಯ’ ಎಂದರೆ ಇಂದು. ನಮ್ಮ ‘ಅತ್ತ ದರಿ ಇತ್ತ ಪುಲಿ’ಯ ಅತ್ತ ಆಚೆ ಕಡೆ. ಅಕ್ಷರ ಒಂದೇ, ಬೆರಳು ಎದುರುಬದುರು. ಎರಡು ಮನೆತನದವರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಇನ್ನೊಂದು ಅ ಸಂಸ್ಕೃತದಲ್ಲಿ ಕ್ರಿಯಾಪದದ ಮುಂದೆ ಬಂದು ಕೆಲಸ ಮುಗಿದುಹೋದದ್ದನ್ನು ಹೇಳುತ್ತದೆ: ಗಚ್ಛತಿ ಹೋಗುತ್ತಾನೆ, ಅಗಚ್ಛತ್ ಹೋದನು. ನಾನು ಸಂಸ್ಕೃತದ ಸಂಜೆ ತರಗತಿ ನಡೆಸುತ್ತಿದ್ದಾಗ ಒಬ್ಬ ವಿದ್ಯಾರ್ಥಿ ‘ರಾಮಃ ವನಂ ಅಗಚ್ಛತ್’ ಎಂಬುದನ್ನು ‘ರಾಮ ಕಾಡಿಗೆ ಹೋಗಲಿಲ್ಲ’ ಎಂದು ಅನುವಾದಿಸಿದ. ಅವನ ಕೈಯಲ್ಲೂ ಇದ್ದದ್ದು ನಿಮ್ಮ ಮಗಳ ಕೈಯಲ್ಲಿರುವ ಅದೇ ಒಂದು ಸೂತ್ರ. ಆ ದಿನದಿಂದ ನಾನು ‘ಅ ಅಂದರೆ ಇಲ್ಲ’ ಎಂದು ಒಂದೇ ಏಟಿಗೆ ಹೇಳಿಕೊಡುವುದನ್ನು ಬಿಟ್ಟೆ.

ಪದದ ಬಾಲದಲ್ಲಿ ಬರುವ ಕನ್ನಡದ ಅ ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಮರದ ಎಲೆ’, ‘ಬೆಂಗಳೂರಿನ ಜನ’ ಇಲ್ಲಿ ಅದು ಷಷ್ಠೀ ವಿಭಕ್ತಿ, ಸಂಬಂಧ ಹೇಳುವುದು. ‘ಮಾಡಬೇಕು, ಹೇಳಬಹುದು’ ಎಂಬಲ್ಲಿ ಮಾಡ, ಹೇಳ ಎನ್ನುವ ಅ ಮುಂದಿನ ಸಹಾಯಕ ಪದಕ್ಕೆ ಕೈಚಾಚುತ್ತದೆ. ‘ಬಂದ’ ಎಂಬ ಒಂದು ಪದ ಮಾತ್ರ ಸ್ವಲ್ಪ ನಿಂತು ನೋಡುವಂಥದು. ‘ಬಂದ ಹುಡುಗ’ ಮತ್ತು ‘ಹುಡುಗ ಬಂದ’. ಜಾಗ ಬದಲಾದರೆ ಅ ದ ಕೆಲಸವೇ ಬದಲಾಗುತ್ತದೆ, ಒಂದರಲ್ಲಿ ವಿಶೇಷಣ, ಇನ್ನೊಂದರಲ್ಲಿ ಪೂರ್ಣ ಕ್ರಿಯಾಪದ. ಹಳಗನ್ನಡದಲ್ಲಿ ಗೊಂದಲವಿರಲಿಲ್ಲ, ಹುಡುಗ ಬಂದದ್ದಾದರೆ ‘ಬಂದಂ’ ಎನ್ನುತ್ತಿದ್ದರು. ಆ ಸೊನ್ನೆ ಉದುರಿಹೋಗಿ ಎರಡು ಪದಗಳು ಒಂದೇ ವೇಷಕ್ಕೆ ಬಂದವು.

ಇನ್ನು ಕಣ್ಣಿಗೆ ಬೀಳದ ಅ. ‘ಕ’ ಬರೆದಾಗ ಅದರೊಳಗೆ ಅ ಇದೆ. ಕ್ ಗೆ ಅ ಸೇರಿದಾಗಲೇ ಕ. ಕಾಗುಣಿತ ಹೇಳುವಾಗ ಮೊದಲು ಬರುವ ತಲಕಟ್ಟು ಆ ಅ ದ ಗುರುತು. ಖ, ಜ, ಟ, ಣ, ಬ, ಲ ಇವುಗಳ ನೆತ್ತಿಯಲ್ಲಿ ತಲಕಟ್ಟೂ ಇಲ್ಲ, ಆದರೂ ಅ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಕಾಲದ ಬ್ರಾಹ್ಮೀ ಶಾಸನದಲ್ಲೂ ಇದೇ ಪದ್ಧತಿ: ಬೇರೆ ಸ್ವರದ ಗುರುತಿಲ್ಲದ ವ್ಯಂಜನವನ್ನು ಅ ಸೇರಿಸಿಯೇ ಓದಬೇಕು. ಹಿಂದಿಯವರು ಪದದ ಕೊನೆಯ ಈ ಅ ನುಂಗುತ್ತಾರೆ, ರಾಮ ಅವರಿಗೆ ರಾಮ್. ನಾವು ನುಂಗುವುದಿಲ್ಲ. ನಮ್ಮ ಊರಿನ ಮಕ್ಕಳ ಹೆಸರುಗಳು ಮಾತ್ರ ಈಗ ಅಶೋಕ್, ಕಿಶೋರ್ ಆಗಿ ಕೊನೆಯ ಅ ಕಳೆದುಕೊಳ್ಳುತ್ತಿವೆ. ನನಗೆ ಅದು ಬೇಸರದ ಸಂಗತಿ.

ಈ ಒಂದು ದನಿಯನ್ನು ಹಿರಿಯರು ಎಷ್ಟು ಧ್ಯಾನಿಸಿದ್ದಾರೆ ಎಂಬುದಕ್ಕೆ ಕೆಲವು ಗುರುತು. ಪಾಣಿನಿಯ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರ ‘ಅ ಅ’, ಅಷ್ಟೇ. ಬಾಯಿ ಬಿಚ್ಚಿ ನುಡಿಯುವ ದನಿ ಎಂದು ಗ್ರಂಥದುದ್ದಕ್ಕೂ ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದ ಅ ವನ್ನು ಅದು ನಿಜವಾಗಿ ಇರುವ ಮುಚ್ಚಿದ ಉಚ್ಚಾರಣೆಗೆ ಮರಳಿಸುವ ಸೂತ್ರ ಅದು. ಹಲಸೂರು ಕೆರೆಯ ಬಳಿ 2009ರಲ್ಲಿ ಅನಾವರಣಗೊಂಡ ತಿರುವಳ್ಳುವರ್ ಪ್ರತಿಮೆ ಮಗಳು ನೋಡಿರಬಹುದು. ಅವರ ಕುರಳಿನ ಮೊದಲ ಪದ್ಯ ಅಕ್ಷರಗಳಿಗೆಲ್ಲ ಅ ಮೊದಲು, ಲೋಕಕ್ಕೆ ಆದಿಭಗವಂತ ಮೊದಲು ಎನ್ನುತ್ತದೆ. ಒಂದೊಂದೇ ಅಕ್ಷರಕ್ಕೆ ಅರ್ಥ ಹೇಳುವ ಏಕಾಕ್ಷರ ಕೋಶಗಳಲ್ಲಿ ಅ ಎಂದರೆ ವಿಷ್ಣು. ಗೀತೆಯ ಹತ್ತನೇ ಅಧ್ಯಾಯದಲ್ಲಿ ಕೃಷ್ಣ ‘ಅಕ್ಷರಾಣಾಮಕಾರೋಽಸ್ಮಿ’ ಎನ್ನುತ್ತಾನೆ, ಅಕ್ಷರಗಳಲ್ಲಿ ನಾನು ಅಕಾರ ಎಂದು. ನಡುವಿನ ಆ ಗುರುತು ಅವಗ್ರಹ. ‘ಅಸ್ಮಿ’ಯ ಅ ಸಂಧಿಯಲ್ಲಿ ಮರೆಯಾಗಿದೆ ಎಂದು ತಿಳಿಸುವುದು ಅದು. ‘ನಾನು ಅ’ ಎಂದು ಹೇಳುವ ಮಾತಿನಲ್ಲೇ ಒಂದು ಅ ಕಾಣದಾಗುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಹೊಸದಾಗಿಯೇ ಕಾಣುತ್ತದೆ.

ಅಕ್ಕನ ಪ್ರಶ್ನೆ ಬಾಕಿ ಇದೆ. ಅ ಕಳೆದರೆ ‘ಕ್ಕ’ ಉಳಿಯುತ್ತದೆ, ಅದು ಪದವಲ್ಲ. ಹಾಗಾಗಿ ಅಲ್ಲಿ ಬಿಡಿಸಲು ಏನೂ ಇಲ್ಲ. ಆದರೆ ಅಕ್ಕ, ಅಣ್ಣ, ಅಪ್ಪ, ಅಮ್ಮ, ಅಜ್ಜ, ಅವ್ವ ಎಲ್ಲವೂ ಒಂದೇ ಅಚ್ಚಿನವು ಎಂದು ಅವಳಿಗೆ ತೋರಿಸಿ: ಅ, ಒಂದು ಒತ್ತಿದ ವ್ಯಂಜನ, ಮತ್ತೆ ಅ. ನಾಲಿಗೆಗೆ ಏನೂ ಕೆಲಸ ಕೊಡದೆ ಬಾಯಿ ತೆರೆದರೆ ಬರುವ ದನಿ ಅದು, ತೊದಲುವ ಕೂಸಿಗೂ ಎಟುಕುವಂಥದು. ಮನೆಯವರನ್ನು ಕರೆಯುವ ಪದಗಳು ಅದರ ಸುತ್ತ ಕಟ್ಟಿಕೊಂಡಿವೆ.

ಕೊನೆಗೆ ಆ ತಪ್ಪು ಬಿದ್ದ ಪದಕ್ಕೇ ಬರೋಣ. ಬೇಕಾದದ್ದನ್ನು ಹೇಳಲು ಕನ್ನಡಿಗರು ಸಂಸ್ಕೃತದಿಂದ ತಂದುಕೊಂಡ ಪದಗಳು ಅಗತ್ಯ, ಅವಶ್ಯ, ಅನಿವಾರ್ಯ. ಮೂರರ ತಲೆಯಲ್ಲೂ ‘ಇಲ್ಲ’ ಎನ್ನುವ ಅ ಇದೆ. ಬೇರೆ ಗತಿಯಿಲ್ಲ, ಆದ್ದರಿಂದ ಅಗತ್ಯ. ನಮ್ಮ ವಶದಲ್ಲಿಲ್ಲ, ಆದ್ದರಿಂದ ಅವಶ್ಯ. ನಿವಾರಿಸಲಾಗದು, ಆದ್ದರಿಂದ ಅನಿವಾರ್ಯ. ಅಂದರೆ ಬೇಡ ಎನ್ನಲು ಅವಳು ‘ಬೇಕು’ವಿನ ಮುಂದೆ ಯಾವ ಅ ಇಟ್ಟಳೋ, ಅದೇ ಅ ಇವುಗಳಲ್ಲಿ ಬೇಕು ಎಂಬ ಅರ್ಥವನ್ನು ಹೊತ್ತು ನಿಂತಿದೆ. ಅಗತ್ಯ, ಅವಶ್ಯಗಳ ವಿರುದ್ಧ ಪದ ಮಾಡಬೇಕಾದರೆ ಅ ಮೇಲೆ ಇನ್ನೊಂದು ಅ ಏರಬೇಕು. ಶಾಲೆಗೆ ರಜೆ ಕೇಳಿ ಬರೆಯುವ ಚೀಟಿಯ ‘ಅನಾರೋಗ್ಯ’ದಲ್ಲಿ ಅದು ಈಗಾಗಲೇ ನಡೆದಿದೆ: ರೋಗ, ರೋಗವಿಲ್ಲದವನು ಅರೋಗ, ಅವನ ಸ್ಥಿತಿ ಆರೋಗ್ಯ, ಅದಿಲ್ಲದ್ದು ಅನಾರೋಗ್ಯ. ಮುಂದಿನ ಪರೀಕ್ಷೆಯಲ್ಲಿ ‘ಅಗತ್ಯ’ದ ವಿರುದ್ಧ ಪದ ಕೇಳಿದರೆ ಅವಳು ಧೈರ್ಯವಾಗಿ ‘ಅನಗತ್ಯ’ ಎಂದು ಬರೆಯಲಿ, ಮನೆಗೆ ಬಂದ ಮೇಲೆ ಅದರಲ್ಲಿ ಅ ಎಷ್ಟಿವೆ ಎಂದು ನಿಮಗೆ ಎಣಿಸಿ ತೋರಿಸಲಿ.